ತುತ್ತೂರಿಯಿಂದ ಮೈಕಿಗೆ, ಗಾಜಿನ ನಳಿಕೆಯಿಂದ ತೆಳು ಪರದೆಗೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪಿ.ಯು.ಸಿ. ಓದುತ್ತಿದ್ದಾನೆ. ಕಂಪ್ಯೂಟರಿನಲ್ಲಿ ಆಟ ಆಡುತ್ತ, ಆ ಆಟವನ್ನೇ ಕ್ರಿಕೆಟ್ ಕಾಮೆಂಟರಿಯಂತೆ ಒಮ್ಮೆ ಕನ್ನಡದಲ್ಲಿ, ಒಮ್ಮೆ ನಮ್ಮ ದಖನಿಯಲ್ಲಿ ವಿವರಿಸಿ ರೆಕಾರ್ಡ್ ಮಾಡುವುದು ಅವನ ಹವ್ಯಾಸ. ಅವನ ತಂದೆ ಹಳೇ ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಕೆಲಸ ಮಾಡುವವರು. ಕಳೆದ ಬೇಸಿಗೆ ರಜೆಯಲ್ಲಿ ಅವರು ನಮ್ಮ ಮನೆಗೆ ಬಂದು ಮಗ ಬರೆದುಕೊಟ್ಟ ಚೀಟಿಯೊಂದನ್ನು ಮುಂದಿಟ್ಟರು. 27 ಇಂಚಿನ ಫೋರ್‌ಕೆ ಮಾನಿಟರ್, ಕಂಡೆನ್ಸರ್ ಮೈಕ್, ಅದಕ್ಕೊಂದು ಆಡಿಯೊ ಪೆಟ್ಟಿಗೆ ಎಂದೆಲ್ಲ ಅದರಲ್ಲಿತ್ತು. "ಸರ್, ಇದರಾಗ ನನಗ ಒಂದೂ ತಿಳಿಯಂಗಿಲ್ರಿ. ವರ್ಷಗಟ್ಲೆ ಕೂಡಿಸಿಟ್ಟ ರೊಕ್ಕ ಐತಿ. ಯಾವುದು ತಗೊಳ್ಳೋದು, ಯಾವುದು ಬಿಡೋದು ನೀವ ಹೇಳ್ರಿ" ಅಂದರು.

ನಾನು ಉರ್ದು ಮತ್ತು ಕನ್ನಡ ಕಲಿಸುವವನೇ ಹೊರತು ಇಂಜಿನಿಯರ್ ಅಲ್ಲ. ಎರಡು ದಿನದ ಸಮಯ ಕೇಳಿ ಓದಲು ಕುಳಿತೆ. ಓದಿದಂತೆಲ್ಲ ಒಂದು ಸಂಗತಿ ಮನವರಿಕೆಯಾಯಿತು. ಅಂಗಡಿಯ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಪ್ರತಿಯೊಂದು ಅಂಕಿಯೂ ಹಿಂದೆ ಯಾರಿಗೋ ಎದುರಾದ ಒಂದು ತೊಂದರೆಗೆ ಸಿಕ್ಕ ಉತ್ತರ. ಆ ತೊಂದರೆ ನಮ್ಮ ಮನೆಯಲ್ಲಿದೆಯೇ ಇಲ್ಲವೇ ಎಂದು ನೋಡಿಕೊಳ್ಳದೆ ಉತ್ತರಕ್ಕೆ ಹಣ ಕೊಟ್ಟರೆ ಅದು ವ್ಯರ್ಥ. ಮಾಸ್ತರು ಆಟಕ್ಕೆ ಕುಮ್ಮಕ್ಕು ಕೊಡುತ್ತಿದ್ದಾರೆಂದು ಹಿರಿಯರು ಬೇಸರಿಸಬಾರದು. ಹುಡುಗ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗಿದ್ದಾನೆ.

ಮೊದಲು ಧ್ವನಿಯ ಮಾತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬುವರು ಕಲ್ಕತ್ತೆಯ ಹೋಟೆಲ್ ಕೋಣೆಯಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಆಗ ಮೈಕ್ ಇರಲಿಲ್ಲ, ವಿದ್ಯುತ್ತಿನ ಸಹಾಯವೂ ಇರಲಿಲ್ಲ. ಗೋಡೆಯಿಂದ ಚಾಚಿಕೊಂಡ ಒಂದು ದೊಡ್ಡ ತುತ್ತೂರಿಯೊಳಗೆ ಮುಖವಿಟ್ಟಂತೆ ನಿಂತು ಜೋರಾಗಿ ಹಾಡಬೇಕಿತ್ತು. ದನಿಯ ಬಲದಿಂದಲೇ ತುತ್ತೂರಿಯ ಕೊನೆಯ ತೆಳು ಪೊರೆ ಅದುರಿ, ಅದಕ್ಕೆ ಅಂಟಿದ ಸೂಜಿ ಮೇಣದ ತಟ್ಟೆಯನ್ನು ಕೊರೆಯುತ್ತಿತ್ತು. ಸಮಯ ಸುಮಾರು ಮೂರು ನಿಮಿಷ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಗೌಹರ್ ಜಾನ್ ಎಂದು ಕೂಗಿ ಹೇಳುತ್ತಿದ್ದರು. ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಅಚ್ಚಿಗೆ ಹೋಗುತ್ತಿದ್ದುದರಿಂದ ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಈ ಏರ್ಪಾಡು. ಈ ಮಹಾನ್ ಗಾಯಕಿ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ತುತ್ತೂರಿಗೆ ಕೇಳಿಸುತ್ತಿದ್ದುದು ಸುಮಾರು 250ರಿಂದ 2500 ಹರ್ಟ್ಜ್‌ವರೆಗಿನ ಧ್ವನಿ ಮಾತ್ರ. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಹೀಗಾಗಿ ತಬಲಾದ ಎಡಗೈ ಹೊಡೆತ ಆ ಕಾಲದ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಮೆರಿಕದ ಬೆಲ್ ಕಂಪನಿಯ ಪ್ರಯೋಗಶಾಲೆಯಲ್ಲಿ ಇ. ಸಿ. ವೆಂಟೆ ಎಂಬುವರು 1916ರಲ್ಲಿ ಕಂಡೆನ್ಸರ್ ಮೈಕನ್ನು ರೂಪಿಸಿದರು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದಿತು. ಸುಮಾರು 100ರಿಂದ 5000 ಹರ್ಟ್ಜ್‌ವರೆಗಿನ ದನಿ ತಟ್ಟೆಗೆ ಇಳಿಯತೊಡಗಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ಕಲಾವಿದರು ಕೂಗುವ ಅಗತ್ಯ ತಪ್ಪಿತು.

ಈ ವ್ಯತ್ಯಾಸವನ್ನು ಕಿವಿಯಾರೆ ಕೇಳಬೇಕೆಂದರೆ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಧ್ವನಿಮುದ್ರಿಕೆಗಳಿಗಿಂತ ಉತ್ತಮ ಪಾಠವಿಲ್ಲ. 1905ರ ಸುಮಾರಿಗೆ ಅವರು ತುತ್ತೂರಿಯ ಮುಂದೆ ಹಾಡಿದರು. 1930ರ ದಶಕದಲ್ಲಿ ಮೈಕಿನ ಮುಂದೆ ಹಾಡಿದರು. ಮೊದಲನೆಯದರಲ್ಲಿ ಅವಸರವಿದೆ. ಎರಡನೆಯದರಲ್ಲಿ ಸ್ವರ ಎಳೆಎಳೆಯಾಗಿ ಬಿಡಿಸಿಕೊಳ್ಳುವುದು ಕೇಳುತ್ತದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯೆ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು. 1930ರ ದಶಕದ ಎಚ್.ಎಂ.ವಿ. ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಎಂದಿತ್ತು. ಆಗಿನ ಅವರ ಸಪೂರ ದನಿಯನ್ನೂ, ಗಂಟಲಿನ ಚಿಕಿತ್ಸೆಯ ನಂತರ ಬಂದ ಗಂಭೀರ ದನಿಯನ್ನೂ ಪಕ್ಕಪಕ್ಕದಲ್ಲಿ ಕೇಳಿ ನೋಡಿ. ದನಿ ಬದಲಾಯಿತೆಂದು ಅವರು ಹಾಡುವುದನ್ನು ನಿಲ್ಲಿಸಲಿಲ್ಲ. ತನ್ನ ಗಂಟಲು ಗಡಸೆಂದು ಕೊರಗಿ, ಕಂಪ್ಯೂಟರಿನಲ್ಲಿ ಸ್ವರವನ್ನು ತೆಳ್ಳಗೆ ಮಾಡಿಕೊಳ್ಳುತ್ತಿದ್ದ ನಮ್ಮ ಹುಡುಗನಿಗೆ ಮೊದಲು ಕೇಳಿಸಿದ್ದು ಇವನ್ನೇ.

ಮೈಕಿನ ಇತಿಹಾಸದಲ್ಲಿ ಇನ್ನೆರಡು ಘಟ್ಟಗಳಿವೆ. 1939ರಲ್ಲಿ ಶೂರ್ ಕಂಪನಿಯ ಯುನಿಡೈನ್ ಎಂಬ ಡೈನಾಮಿಕ್ ಮೈಕ್ ಬಂದಿತು. ಮುಂದಿನ ದನಿಯನ್ನು ಚೆನ್ನಾಗಿ ಕೇಳಿ, ಹಿಂದಿನ ಸದ್ದಿಗೆ ಕಿವುಡಾಗುವುದು ಅದರ ಗುಣ. ಅದು ಕೇಳಿಸಿಕೊಳ್ಳುವ ವಲಯದ ನಕ್ಷೆ ಹೃದಯದ ಆಕಾರದಲ್ಲಿರುತ್ತದೆ. ಇಂದು ಅಂಗಡಿಯಲ್ಲಿ ಕಾರ್ಡಿಯಾಯ್ಡ್ ಎಂಬ ಪದ ಕಿವಿಗೆ ಬಿದ್ದರೆ ಅದರ ಅರ್ಥ ಇಷ್ಟೇ. ಮುಂದೆ 1962ರಲ್ಲಿ ಬೆಲ್ ಪ್ರಯೋಗಶಾಲೆಯ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಅಗ್ಗದ ಎಲೆಕ್ಟ್ರೆಟ್ ಮೈಕನ್ನು ಕಂಡುಹಿಡಿದರು. ಹೆಡ್‌ಸೆಟ್ಟಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಾಣುವ ಮೈಕ್ ಸಾಧ್ಯವಾದದ್ದು ಅವರಿಂದ.

ಆದರೆ ಮೈಕ್ ಎಷ್ಟೇ ಒಳ್ಳೆಯದಾದರೂ ಕೋಣೆ ಕೆಟ್ಟದ್ದಾದರೆ? ಇಲ್ಲಿಯೇ ಇಡೀ ಕಥೆಯ ಗುಟ್ಟಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಪದದ ಪ್ರತಿಧ್ವನಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಉಳಿದು ಮುಂದಿನ ಪದಗಳನ್ನು ನುಂಗುತ್ತಿತ್ತು. ವ್ಯಾಲೆಸ್ ಸ್ಯಾಬೈನ್ ಎಂಬ ತರುಣ ಅಧ್ಯಾಪಕರಿಗೆ ಇದನ್ನು ಸರಿಪಡಿಸುವ ಕೆಲಸ ಬಂದಿತು. ಅವರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಸದ್ದು ಅಡಗುವವರೆಗಿನ ಸಮಯವನ್ನು ಗಡಿಯಾರ ಹಿಡಿದು ಅಳೆದರು. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸು ಮುಟ್ಟಿಸಬೇಕಿತ್ತು. ಕೋಣೆಯಲ್ಲಿ ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಪ್ರತಿಧ್ವನಿ ಕಡಿಮೆಯಾಗುವ ಲೆಕ್ಕ ಅವರಿಗೆ ಸಿಕ್ಕಿದ್ದು ಹೀಗೆ. 1950ರ ಜನವರಿ 8ರಂದು ಆರಂಭವಾದ ನಮ್ಮ ಧಾರವಾಡ ಆಕಾಶವಾಣಿ, ಮಲ್ಲಿಕಾರ್ಜುನ ಮನಸೂರರಂಥವರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ. ಅಂಥ ಕೇಂದ್ರಗಳ ಸ್ಟುಡಿಯೊ ಗೋಡೆಗಳು ಬರಿ ಗಾರೆಯವಲ್ಲದೆ ಮೆತ್ತೆ ಹೊದ್ದಿರುವುದು ಇದೇ ಕಾರಣಕ್ಕೆ.

ಮೂರನೆಯ ದಿನ ಹುಡುಗನ ಮನೆಗೆ ಹೋದೆ. ತಗಡಿನ ಛಾವಣಿ, ಶಹಾಬಾದ ಫರಸಿಯ ನೆಲ, ತಲೆಯ ಮೇಲೆ ಗರಗರ ಎನ್ನುವ ಫ್ಯಾನು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಝಣ್ ಎಂದಿತು. ಇಂಥ ಕೋಣೆಯಲ್ಲಿ ಕಂಡೆನ್ಸರ್ ಮೈಕ್ ಇಟ್ಟರೆ ಅದು ತನ್ನ ಸೂಕ್ಷ್ಮತೆಯಿಂದಲೇ ಕೆಡುತ್ತದೆ. ಹುಡುಗನ ದನಿಯ ಜೊತೆಗೆ ತಗಡು, ಫ್ಯಾನು, ಕೀಬೋರ್ಡಿನ ಕಟಕಟ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವನ್ನೂ ನಿಷ್ಠೆಯಿಂದ ಹಿಡಿಯುತ್ತದೆ. ವೆಂಟೆಯವರ ಉತ್ತರ ಬಹಳ ದೊಡ್ಡದು, ಆದರೆ ಇದು ಆ ಪ್ರಶ್ನೆಯಲ್ಲ. ಇಲ್ಲಿಗೆ ಬೇಕಾದದ್ದು ಕಾರ್ಡಿಯಾಯ್ಡ್ ಡೈನಾಮಿಕ್ ಮೈಕ್. ಅದನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿ, ತುಸು ಓರೆಯಾಗಿ, ಅದರ ಬೆನ್ನು ಕೀಬೋರ್ಡಿನ ಕಡೆಗೆ ಬರುವಂತೆ ಇಡಬೇಕು. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ತಲುಪುವ ದನಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಗೌಹರ್ ಜಾನ್ ತುತ್ತೂರಿಗೆ ಮುಖ ಒಡ್ಡಿ ನಿಂತದ್ದು ನೆನಪಿರಲಿ.

ಸ್ಯಾಬೈನರ ದಿಂಬಿನ ಬದಲಿಗೆ ನಮ್ಮ ಭಾಗದಲ್ಲಿ ಕೌದಿ ಇದೆಯಲ್ಲ! ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಎರಡು ಕೌದಿಗಳನ್ನು ಅವನು ಕೂರುವ ಜಾಗದ ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ತೂಗುಹಾಕಿಸಿದೆ. ಮತ್ತೆ ಚಪ್ಪಾಳೆ ತಟ್ಟಿದಾಗ ಝಣ್ ಹೋಗಿ ಟಪ್ ಎಂದಷ್ಟೇ ಕೇಳಿತು. ತಂದೆ ಒಂದು ಕ್ಷಣ ನಂಬಲಿಲ್ಲ, ತಾವೇ ನಾಲ್ಕು ಸಲ ತಟ್ಟಿ ನೋಡಿದರು.

ಇನ್ನು ಪರದೆ. ಜರ್ಮನಿಯ ಬ್ರೌನ್ ಎಂಬ ವಿಜ್ಞಾನಿ 1897ರಲ್ಲಿ ಕ್ಯಾಥೋಡ್ ಕಿರಣದ ನಳಿಕೆಯನ್ನು ಮಾಡಿದರು. ನೀವು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನೋಡುವ ಆಸಿಲೋಸ್ಕೋಪು ಅದರದೇ ಸಂತತಿ. 1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಸಾರ್ವಜನಿಕರು ಭೇಟಿ ಕೊಡುವ ದಿನ ಬಂದಾಗ, ಬಂದವರಿಗೆ ಬೇಸರವಾಗದಿರಲೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬುವರು ಐದು ಇಂಚಿನ ಆಸಿಲೋಸ್ಕೋಪಿನ ಮೇಲೆ ಟೆನಿಸ್ ಆಟವೊಂದನ್ನು ಮಾಡಿಟ್ಟರು. ಜನ ಸಾಲುಗಟ್ಟಿ ನಿಂತರಂತೆ. ಪರದೆಯ ಮೇಲಿನ ಆಟದ ಹುಚ್ಚು ಇಂದಿನ ಮಕ್ಕಳಿಂದ ಶುರುವಾದದ್ದಲ್ಲ.

ನಾನು ಪ್ರೌಢಶಾಲೆಯಲ್ಲಿದ್ದಾಗ ಹುಬ್ಬಳ್ಳಿಯ ಸೈಬರ್ ಕೆಫೆಗಳಲ್ಲಿ ಇದ್ದುದು ಆ ಗಾಜಿನ ನಳಿಕೆಯ ಭಾರದ ಮಾನಿಟರುಗಳೇ. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ರೋಡ್ ರ‍್ಯಾಶ್ ಆಡಿ ಹೊರಬಂದರೆ ಕಣ್ಣಲ್ಲಿ ನೀರು. ಚಿತ್ರ ಸೆಕೆಂಡಿಗೆ 60 ಸಲ ಮೂಡಿ ಆರುತ್ತಿತ್ತು, ಆ ಮಿನುಗಾಟವೇ ಕಣ್ಣೀರಿಗೆ ಕಾರಣ. ಸೆಟ್ಟಿಂಗ್ ಬದಲಿಸಿ 85 ಹರ್ಟ್ಜ್ ಮಾಡಿದರೆ ಕಣ್ಣಿಗೆ ಹಿತವಾಗುತ್ತದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಂತರ ಬಂದದ್ದು ದ್ರವ ಸ್ಫಟಿಕದ, ಅಂದರೆ ಎಲ್‌ಸಿಡಿ ಪರದೆ. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ ಅವರು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಂದಿಗೆ 1977ರಲ್ಲಿ ಹೊಸ ಬಗೆಯ ದ್ರವ ಸ್ಫಟಿಕವನ್ನು ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಂದ ಮಾತ್ರ ದ್ರವ ಸ್ಫಟಿಕ ಆಗುತ್ತದೆಂಬ ನಂಬಿಕೆಯಿತ್ತು. ಇವರು ಬಿಲ್ಲೆಯಾಕಾರದ ಅಣುಗಳಿಂದಲೂ ಆಗುತ್ತದೆಂದು ತೋರಿಸಿದರು. ಹಳೆಯ ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ ಇಂಥದೇ ಬಿಲ್ಲೆಯಣುಗಳ ತೆಳು ಹಾಳೆಯನ್ನು ಪರದೆಗೆ ಅಂಟಿಸಿ ಆ ದೋಷವನ್ನು ಕಡಿಮೆ ಮಾಡಿತು. ಅದೇ ದೋಷಕ್ಕೆ ಇನ್ನೊಂದು ದಾರಿಯಿಂದ ಸಿಕ್ಕ ಉತ್ತರ ಐಪಿಎಸ್. ಹಿಟಾಚಿ ಕಂಪನಿ ಅದನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು.

ಎಲ್‌ಸಿಡಿಯಲ್ಲಿ ಮಿನುಗಾಟ ಹೋಯಿತು, ಆದರೆ ವೇಗವಾಗಿ ಓಡುವ ಚಿತ್ರದ ಹಿಂದೆ ನೆರಳು ಎಳೆಯುವ ಹೊಸ ತೊಂದರೆ ಬಂದಿತು. ಆಗಿನ ಆಟಗಾರರು ವರ್ಷಗಟ್ಟಲೆ ಹಳೆಯ ಮಾನಿಟರನ್ನೇ ಹಿಡಿದು ಕೂತದ್ದು ಅದಕ್ಕೇ. ಪೆಟ್ಟಿಗೆಯ ಮೇಲೆ ಮಿಲಿಸೆಕೆಂಡುಗಳ ಅಂಕಿ ಬಂದದ್ದೂ ಅದರ ಬೆನ್ನಿಗೇ. 60 ಹರ್ಟ್ಜ್ ಪರದೆಯಲ್ಲಿ 16.7 ಮಿಲಿಸೆಕೆಂಡಿಗೊಂದು ಚಿತ್ರ ಬಂದರೆ, 144 ಹರ್ಟ್ಜ್‌ನಲ್ಲಿ 6.9 ಮಿಲಿಸೆಕೆಂಡಿಗೊಂದು ಬರುತ್ತದೆ. ಓಡಿ ಗುರಿ ಹೊಡೆಯುವ ಆಟಗಳಲ್ಲಿ ಈ ವ್ಯತ್ಯಾಸ ಆಡುವವನಿಗೆ ನಿಜವಾಗಿ ತಿಳಿಯುತ್ತದೆ.

ಫೋರ್‌ಕೆ ಹಾಗಲ್ಲ. 1920 ಗುಣಿಸು 1080ರ ಪರದೆಯಲ್ಲಿ 20,73,600 ಚುಕ್ಕೆಗಳಿದ್ದರೆ ಫೋರ್‌ಕೆಯಲ್ಲಿ 82,94,400. ಸರಿಯಾಗಿ ನಾಲ್ಕು ಪಟ್ಟು. ಅಷ್ಟನ್ನೂ ಪ್ರತಿಸಲ ಬಿಡಿಸಬೇಕಾದದ್ದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್. ಹುಡುಗನ ಹಳೆಯ ಕಾರ್ಡಿಗೆ ಆ ಹೊರೆ ಹೊರಿಸಿದರೆ ಚಿತ್ರ ತೊದಲುತ್ತದೆ, ರೆಕಾರ್ಡಿಂಗ್ ಕೂಡ ಅದರ ಮೇಲೆಯೇ ಬಿದ್ದರೆ ಕೇಳುವುದೇ ಬೇಡ. ಅವನ ವಿಡಿಯೊ ನೋಡುವ ಬಂಧುಬಳಗದವರ ಕೈಯಲ್ಲಿರುವುದು ಅಂಗೈಯಗಲದ ಮೊಬೈಲು.

ಹೀಗೆ ಚೀಟಿಯನ್ನು ಹೊಸದಾಗಿ ಬರೆದೆವು. 24 ಇಂಚಿನ, 1080ರ, 144 ಹರ್ಟ್ಜ್ ಐಪಿಎಸ್ ಮಾನಿಟರ್. ನೇರವಾಗಿ ಯುಎಸ್‌ಬಿಗೆ ಸೇರಿಸುವ ಡೈನಾಮಿಕ್ ಮೈಕ್, ಒಂದು ಸ್ಟ್ಯಾಂಡು. ಆಡಿಯೊ ಪೆಟ್ಟಿಗೆ ಬೇಕಾಗಲಿಲ್ಲ. ರೆಕಾರ್ಡಿಂಗಿಗೆ ಉಚಿತವಾಗಿ ಸಿಗುವ ಓಬಿಎಸ್ ಸ್ಟುಡಿಯೊ ಸಾಕು. ಅದರಲ್ಲಿ ಆಟದ ಸದ್ದನ್ನೂ ಮಾತನ್ನೂ ಬೇರೆಬೇರೆ ಪದರದಲ್ಲಿ ಇಟ್ಟುಕೊಂಡರೆ ಆಮೇಲೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಬಹುದು. ಉಳಿದ ಹಣದಲ್ಲಿ ಒಂದು ಯುಪಿಎಸ್ ಬಂದಿತು. ಮಳೆಗಾಲದಲ್ಲಿ ಆ ಓಣಿಯಲ್ಲಿ ಕರೆಂಟು ಹೋಗುವ ಪರಿ ನೋಡಿದವರಿಗೆ ಇದರ ಬೆಲೆ ಹೇಳಬೇಕಿಲ್ಲ. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದನೆಂದು ಕೇಳಿದೆ. ಮೂರನೆಯ ದಿನ ತನ್ನ ಹಳೆಯ ರೆಕಾರ್ಡಿಂಗು, ಹೊಸದು ಎರಡನ್ನೂ ಕಳಿಸಿದ. ಹೊಸದರಲ್ಲಿ ಅವನ ಗಡಸು ದನಿ ಹಾಗೆಯೇ ಇದೆ, ದಖನಿಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ.

ಕೌದಿಗಳನ್ನು ಮಾತ್ರ ಅವನ ನಾನಿ ಡಿಸೆಂಬರಿನ ಚಳಿ ಬೀಳುತ್ತಲೇ ಗೋಡೆಯಿಂದ ಬಿಚ್ಚಿಸಿಕೊಂಡರಂತೆ. ಸದ್ಯಕ್ಕೆ ಅಲ್ಲಿ ಮಡಿಕೆ ಹಾಕಿದ ಗೋಣಿಚೀಲಗಳು ತೂಗುತ್ತಿವೆ.