ಉಲ್ಕಾಶಿಲೆಯಲ್ಲಿ ಟೈಟಾನಿಯಂ-44: ಬಿದ್ದ ದಿನಾಂಕವೇ ಏಕೆ ಮುಖ್ಯ

ಬಾಹ್ಯಾಕಾಶದಲ್ಲಿ ಸುತ್ತುವ ಕಲ್ಲಿಗೆ ವಾತಾವರಣದ ರಕ್ಷೆಯಿಲ್ಲ. ವಿಶ್ವಕಿರಣದ ಪ್ರೋಟಾನು ಅದರೊಳಗಿನ ಪರಮಾಣು ಬೀಜಕ್ಕೆ ಬಡಿದಾಗ ಬೀಜ ಸಿಡಿದು ಹಗುರ ಬೀಜಗಳಾಗುತ್ತದೆ. ಹೊರಚಿಮ್ಮಿದ ನ್ಯೂಟ್ರಾನುಗಳು ಇನ್ನಷ್ಟು ಒಳಕ್ಕೆ ನುಗ್ಗಿ ಅದೇ ಕೆಲಸ ಮುಂದುವರಿಸುತ್ತವೆ. ಆಮ್ಲಜನಕದಿಂದ ಬೆರಿಲಿಯಂ-10, ಸಿಲಿಕಾನಿನಿಂದ ಅಲ್ಯುಮಿನಿಯಂ-26, ಕಬ್ಬಿಣ ಮತ್ತು ನಿಕಲ್‌ನಿಂದ ಟೈಟಾನಿಯಂ-44 ಹುಟ್ಟುವುದು ಹೀಗೆ.

ಇವುಗಳಲ್ಲಿ ಟೈಟಾನಿಯಂ-44ಕ್ಕೆ ವಿಶೇಷ ಸ್ಥಾನ ಕೊಡಬೇಕೆಂಬುದು ನನ್ನ ವಾದ. ಅಲ್ಯುಮಿನಿಯಂ-26ರ ಅರ್ಧಾಯು ಸುಮಾರು 7 ಲಕ್ಷ ವರ್ಷ. ಶತಮಾನದ ಏರಿಳಿತ ಅದರಲ್ಲಿ ಕಾಣದು. ಸೋಡಿಯಂ-22ರದು ಕೇವಲ 2.6 ವರ್ಷ, ಅದರಲ್ಲಿ ಕಾಣುವುದು ಕೊನೆಯ ಕೆಲವು ವರ್ಷಗಳಷ್ಟೇ. ಟೈಟಾನಿಯಂ-44ರ ಅರ್ಧಾಯು ಸುಮಾರು 60 ವರ್ಷವಾದ್ದರಿಂದ, ಕಲ್ಲು ಬೀಳುವುದಕ್ಕೆ ಹಿಂದಿನ ಒಂದೆರಡು ಶತಮಾನಗಳ ವಿಶ್ವಕಿರಣದ ಪ್ರಮಾಣ ಅದರಲ್ಲಿ ದಾಖಲಾಗಿರುತ್ತದೆ. ಸೂರ್ಯ ಚುರುಕಾಗಿದ್ದಾಗ ಸೌರಮಾರುತದ ಕಾಂತಕ್ಷೇತ್ರ ವಿಶ್ವಕಿರಣವನ್ನು ಹೆಚ್ಚು ತಡೆಯುತ್ತದೆ, ಟೈಟಾನಿಯಂ ಕಡಿಮೆ ಹುಟ್ಟುತ್ತದೆ. ಹಿಮಪದರದ ಬೆರಿಲಿಯಂ, ಮರದ ಉಂಗುರದ ಇಂಗಾಲ-14 ಕೂಡ ಇದೇ ಕಥೆ ಹೇಳುತ್ತವೆ. ಆದರೆ ಅವುಗಳ ಮೇಲೆ ಹವಾಮಾನದ, ಸಾಗರದ ಪ್ರಭಾವವೂ ಇರುತ್ತದೆ. ಬಾಹ್ಯಾಕಾಶದ ಕಲ್ಲಿಗೆ ಆ ತೊಡಕಿಲ್ಲ.

ಅಳತೆ ಮಾತ್ರ ಬಹಳ ಕಷ್ಟ. ಟೈಟಾನಿಯಂ ಕ್ಷಯಿಸಿ ಸ್ಕ್ಯಾಂಡಿಯಂ-44 ಆಗುತ್ತದೆ. ಅದು ಕ್ಷಯಿಸುವಾಗ 1157 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣ ಹೊರಬರುತ್ತದೆ. ಕಲ್ಲಿನಲ್ಲೇ ಇರುವ ಯುರೇನಿಯಂ ಸರಣಿಯ ಬಿಸ್ಮತ್-214ರ ಗಾಮಾ ಕಿರಣ 1155ರಲ್ಲಿದೆ! ಎರಡೂ ಒಂದರ ಮೇಲೊಂದು ಬೀಳುತ್ತವೆ. ಇಟಲಿಯ ಟೊರಿನೋ ನಗರದ ಮೊಂತೆ ದೇಯ್ ಕಪ್ಪುಚ್ಚೀನಿ ಭೂಗತ ಪ್ರಯೋಗಾಲಯದವರು ಸ್ಕ್ಯಾಂಡಿಯಂ ಜೊತೆಗೇ ಉಗುಳುವ ಪಾಸಿಟ್ರಾನಿನ ಸುಳಿವು ಹಿಡಿದು ಇವನ್ನು ಬೇರ್ಪಡಿಸಿದರು. ಅಲ್ಲಿನ ಬೊನಿನೊ, ಚೀನಿ ಕಸ್ತಾನ್ಯೋಲಿ, ತಾರಿಕ್ಕೊ ಹಾಗೂ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನರೇಂದ್ರ ಭಂಡಾರಿ 1995ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸೌರ ಚಟುವಟಿಕೆಯ ಶತಮಾನದ ಏರಿಳಿತಕ್ಕೆ ಪ್ರತಿಯಾಗಿ ಟೈಟಾನಿಯಂ ಪ್ರಮಾಣ ಬದಲಾಗಿದ್ದು ಕಂಡುಬಂತು.

ಆಳದ ಪ್ರಶ್ನೆಯನ್ನೂ ಬಿಡುವಂತಿಲ್ಲ. ಮೂಲ ಕಾಯದ ಒಳಗಿದ್ದ ಚೂರಿಗೂ ಅಂಚಿನ ಚೂರಿಗೂ ಉತ್ಪಾದನೆ ಬೇರೆ. ನಿಯಾನ್-22 ಮತ್ತು 21ರ ಅನುಪಾತ, ಹರಳುಗಳಲ್ಲಿ ವಿಶ್ವಕಿರಣದ ಭಾರದ ಬೀಜಗಳು ಕೊರೆದ ಜಾಡು, ಇವೆರಡರಿಂದ ಆಳವನ್ನು ಅಂದಾಜಿಸುತ್ತಾರೆ. ಗುಜರಾತಿನ ಧಜಾಲಾ ಉಲ್ಕಾಶಿಲೆಯ ಚೂರುಗಳನ್ನು ಅಹಮದಾಬಾದಿನವರು ಹೀಗೆಯೇ ಪರಿಶೀಲಿಸಿದ್ದರು.

ಧಜಾಲಾ ಬಿದ್ದದ್ದು 1976ರ ಜನವರಿ 28ರಂದು. ಈ ದಿನಾಂಕವಿಲ್ಲದಿದ್ದರೆ ಲೆಕ್ಕವೇ ನಿಲ್ಲದು: ನೆಲ ಮುಟ್ಟಿದ ಮೇಲೆ ಹೊಸ ಉತ್ಪಾದನೆ ನಿಂತು ಕ್ಷಯವೊಂದೇ ಸಾಗುತ್ತದೆ, ಅಳೆದ ಪ್ರಮಾಣವನ್ನು ಬಿದ್ದ ದಿನಕ್ಕೆ ಹಿಂದೆ ಒಯ್ಯಬೇಕು. 50 ವರ್ಷ ಕಳೆದರೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಮರುಭೂಮಿಯಲ್ಲೋ ಅಂಟಾರ್ಕ್ಟಿಕಾದಲ್ಲೋ ಸಾವಿರಾರು ವರ್ಷ ಬಿದ್ದಿದ್ದ ಕಲ್ಲಿನಲ್ಲಿ ಟೈಟಾನಿಯಂ-44 ಉಳಿದೇ ಇರದು.