ದುರಸ್ತಿಯೋ ಬದಲಾವಣೆಯೋ: ಮಾಗೋಡು ಸೀಮೆಯ ವಾಹನಗಳನ್ನು ಕುರಿತು ಒಂದು ವಿವೇಚನೆ

ಹಳೆಯ ಮೋಟಾರನ್ನು ದುರಸ್ತಿ ಮಾಡಿಸಿ ಇಟ್ಟುಕೊಳ್ಳಬೇಕೆ, ಅಥವಾ ಅದನ್ನು ಕೊಟ್ಟು ಹೊಸತನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮನೆವಾರ್ತೆಯ ಲೆಕ್ಕಾಚಾರಕ್ಕೆ ಸೇರಿದುದೆಂದು ತೋರುತ್ತದೆ. ಆದರೆ ಒಂದೊಂದು ಕಾಲದಲ್ಲಿ ಜನರು ಇದಕ್ಕೆ ಕೊಟ್ಟ ಉತ್ತರವನ್ನು ಪರಿಶೀಲಿಸಿದರೆ, ಅದು ಆಯಾ ಕಾಲದ ರಾಜ್ಯನೀತಿ, ಕೈಗಾರಿಕೆ, ದಾರಿ ಮತ್ತು ಮಳೆಗಳಿಂದ ರೂಪುಗೊಂಡಿತೆಂಬುದು ವ್ಯಕ್ತವಾಗುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯನ್ನು, ವಿಶೇಷವಾಗಿ ಮಾಗೋಡನ್ನು, ದೃಷ್ಟಿಯಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸುತ್ತೇವೆ.

ಬೇಡ್ತಿ ನದಿಯು ಸುಮಾರು 200 ಮೀಟರು ಆಳಕ್ಕೆ ಧುಮುಕುವ ಮಾಗೋಡು ಯಲ್ಲಾಪುರದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ರೈಲು ಇಂದಿಗೂ ಬಂದಿಲ್ಲ. ಅಡಕೆ ತೋಟಗಳು ಕಣಿವೆಗಳಲ್ಲಿವೆ. ಮನೆಗಳು ಒಂದಕ್ಕೊಂದು ದೂರ. ಅಡಕೆಯನ್ನು ಪೇಟೆಗೆ ಸಾಗಿಸುವುದಕ್ಕೂ ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಮನೆಯ ಗಾಡಿಯೇ ಆಧಾರ. ಆದುದರಿಂದ ಇಲ್ಲಿ ವಾಹನದ ವಯಸ್ಸನ್ನು ಕುರಿತ ಚರ್ಚೆ ಪ್ರತಿಷ್ಠೆಯ ಚರ್ಚೆಯಲ್ಲ.

ಮೋಟಾರಿಗೆ ಮುಂಚಿನದು ಎತ್ತಿನ ಬಂಡಿಯ ಯುಗ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಪ್ರಾಂತದ ಹತ್ತಿಗೆ ಬೇಡಿಕೆ ಹೆಚ್ಚಿ, ಅದು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದುದೂ ಈ ಸಂದರ್ಭದಲ್ಲಿಯೇ. ಬಂಡಿಯ ರಚನೆ ಗಮನಾರ್ಹವಾದುದು. ಗಾಲಿ ಸವೆದರೆ ಗಾಲಿ, ಅಚ್ಚು ಮುರಿದರೆ ಅಚ್ಚು, ನೊಗ ಸೀಳಿದರೆ ನೊಗ. ಒಂದೊಂದನ್ನೂ ಊರಿನ ಬಡಗಿ ಕಮ್ಮಾರರು ಬೇರೆಬೇರೆಯಾಗಿ ಕೂಡಿಸಿಕೊಡಬಲ್ಲವರಾಗಿದ್ದರು. ಬಂಡಿಗೆ ಭಾಗಶಃ ಮರಣವಿತ್ತೇ ಹೊರತು ಒಟ್ಟು ಮರಣವಿರಲಿಲ್ಲವೆನ್ನಬಹುದು.

ಮೋಟಾರು ಬಂದ ಮೇಲೂ ಈ ಮನೋಧರ್ಮ ಅಳಿಯಲಿಲ್ಲ. ಬಾಹ್ಯಕಾರಣಗಳು ಅದನ್ನು ಬಲಪಡಿಸಿದುವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಹಳೆಯ ಬಸ್ಸುಗಳಿಗೇ ಇದ್ದಿಲು ಗ್ಯಾಸಿನ ಒಲೆಗಳನ್ನು ಜೋಡಿಸಿ ಓಡಿಸಿದರು. ಸ್ವಾತಂತ್ರ್ಯಾನಂತರ, 1953ರ ಸುಂಕ ಆಯೋಗದ ವರದಿಯ ತರುವಾಯ, ದೇಶದಲ್ಲಿ ಭಾಗಗಳನ್ನು ತಯಾರಿಸದೆ ಕೇವಲ ಜೋಡಣೆ ಮಾಡುತ್ತಿದ್ದ ವಿದೇಶೀ ಸಂಸ್ಥೆಗಳು ನಿರ್ಗಮಿಸಿದುವು. 1942ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೋಟರ್ಸ್, 1944ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಆಟೊಮೊಬೈಲ್ಸ್ ಮೊದಲಾದ ಕೆಲವೇ ಸಂಸ್ಥೆಗಳು ಉಳಿದುವು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದಾಗ ಹಳೆಯದನ್ನು ಬಿಡುವುದು ಸಾಧ್ಯವಿರಲಿಲ್ಲ. ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಲ್ಲಿ ರೂಪಿತವಾದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಮೂಲರೂಪ ಹೆಚ್ಚು ಬದಲಾಗದೆ ತಯಾರಾಯಿತು. ಹೀಗಾಗಿ ಅದರ ಭಾಗಗಳು ಸುಲಭವಾಗಿ ದೊರೆಯುತ್ತಿದ್ದುವು; ಸಣ್ಣ ಊರಿನ ಮೇಸ್ತ್ರಿಗೂ ಅದರ ಒಳಗುಟ್ಟು ಕರಗತವಾಗಿತ್ತು. ಕೊರತೆಯೇ ಕೌಶಲಕ್ಕೆ ತಾಯಿಯಾಯಿತು.

ಈ ವ್ಯವಸ್ಥೆಯನ್ನು ಕೇವಲ ಹೊಗಳುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆಯ್ಕೆಯಿಲ್ಲದ ಕಡೆ ಮಿತವ್ಯಯವು ಪೂರ್ತಿಯಾಗಿ ಸದ್ಗುಣವೆನಿಸಲಾರದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ, ಮತ್ತು 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ತೆಗೆದುಹಾಕಿದಾಗ, ಜನರು ಹೊಸತಿನತ್ತ ಧಾವಿಸಿದುದೇ ಇದಕ್ಕೆ ಸಾಕ್ಷಿ.

ಇಂದು ಒತ್ತಡವು ವಿರುದ್ಧ ದಿಕ್ಕಿನಿಂದ ಬರುತ್ತಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾದರೆ 5 ವರ್ಷಗಳಿಗೆ ನವೀಕರಣ ದೊರೆಯುತ್ತದೆ. 2021ರ ಆಗಸ್ಟ್ 13ರಂದು ಗುಜರಿ ನೀತಿಗೆ ಚಾಲನೆ ದೊರೆಯಿತು. 2022ರ ಏಪ್ರಿಲ್ 1ರಿಂದ ಕಾರಿನ ಮರುನೋಂದಣಿ ಶುಲ್ಕವು 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು. ಇದರ ಉದ್ದೇಶ ಹೊಗೆಯನ್ನೂ ಅಪಘಾತವನ್ನೂ ತಗ್ಗಿಸುವುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಗರದ ಹೊಗೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಯು ಮಾಗೋಡಿನ ಕಾಡುದಾರಿಯಲ್ಲಿ ಅಪರೂಪವಾಗಿ ಓಡುವ ಗಾಡಿಗೂ ಅನ್ವಯವಾಗುತ್ತದೆಂಬುದನ್ನು ಮರೆಯಬಾರದು.

ಹಾಗಾದರೆ ಯಾವುದು ವಿವೇಕ? ಬಂಡಿಯ ನೀತಿಯೇ ಇಲ್ಲಿ ದಾರಿ ತೋರಬಲ್ಲುದೆಂದು ನಮ್ಮ ಅಭಿಪ್ರಾಯ. ಕ್ಲಚ್ಚು, ಬ್ರೇಕಿನ ಪಟ್ಟಿ, ರೇಡಿಯೇಟರು ಇವು ಸವೆಯುವುದಕ್ಕಾಗಿಯೇ ಇರುವ ಅಂಗಗಳು; ಅರಬೈಲು, ದೇವಿಮನೆ ಘಟ್ಟಗಳನ್ನು ಹತ್ತಿಳಿಯುವ ಗಾಡಿಯಲ್ಲಿ ಬೇಗ ಸವೆಯುತ್ತವೆ. ಇವುಗಳ ಖರ್ಚಿಗೆ ಅಂಜಿ ಗಾಡಿಯನ್ನೇ ತೊರೆಯುವುದು ದುಡುಕು. ಆದರೆ ಮಲೆನಾಡಿನ ಮಳೆ ಚಾಸಿಯನ್ನೂ ನೆಲದ ತಗಡನ್ನೂ ತುಕ್ಕು ಹಿಡಿಸಿ ತಿಂದಿದ್ದರೆ ತೇಪೆ ಹಾಕಿ ಓಡಿಸುವುದು ಉಳಿತಾಯವಲ್ಲ, ಅಪಾಯ. ಅಂಗ ಕೆಟ್ಟರೆ ದುರಸ್ತಿ, ಆಧಾರವೇ ಕೆಟ್ಟರೆ ಬದಲಾವಣೆ: ಇದೇ ವಯಸ್ಸಿಗಿಂತ ನಂಬತಕ್ಕ ಅಳತೆ.

ಕೊನೆಯದಾಗಿ ಒಂದು ಮಾತು. ಗಾಡಿ ಗುಜರಿಗೆ ಹೋಗುವಾಗ ಅದರ ಜೊತೆಗೆ ಗ್ಯಾರೇಜಿನ ಲೆಕ್ಕದ ಪುಸ್ತಕಗಳೂ ಮೇಸ್ತ್ರಿಗಳ ಅನುಭವವೂ ಕಣ್ಮರೆಯಾಗುತ್ತವೆ. ಯಾವ ವರ್ಷ ಯಾವ ಭಾಗ ಎಷ್ಟಕ್ಕೆ ದೊರೆಯಿತು, ಅಡಕೆಯ ಧಾರಣೆ ಕುಸಿದಾಗ ಯಾವ ದುರಸ್ತಿ ಮುಂದಕ್ಕೆ ಹೋಯಿತು ಎಂಬುದನ್ನು ಅರಿಯಲು ಇವು ಶಾಸನಗಳಷ್ಟೇ ಬೆಲೆಯುಳ್ಳ ಸಾಮಗ್ರಿ. ಇವುಗಳ ಸಂಗ್ರಹಕ್ಕೆ ನಮ್ಮ ವಿದ್ಯಾರ್ಥಿಗಳು ಬೇಗನೆ ಕೈಹಾಕುವುದು ಅವಶ್ಯ.