ಬಿಸಿಲು ನಾಡಿನ ಕೋಳಿ, ಸೆಕೆ ನಾಡಿನ ಕೋಳಿ: ಹಿತ್ತಲ ಸಾಕಣೆಯಲ್ಲಿ ಬೇಸಿಗೆಯ ಶಾಖ ನಿರ್ವಹಣೆ

ಕೋಳಿಗೆ ಬೆವರುಗ್ರಂಥಿಗಳಿಲ್ಲ. ಬೆಳೆದ ಕೋಳಿಯ ಮೈಯೊಳಗಿನ ಉಷ್ಣತೆ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು 45 ಡಿಗ್ರಿ ದಾಟಿದರೆ ಹಕ್ಕಿ ಚೇತರಿಸಿಕೊಳ್ಳುವುದು ಕಷ್ಟ, 47ರ ಹೊತ್ತಿಗೆ ಸಾವು ಬಹುತೇಕ ಖಚಿತ. ಸಹಜ ಸ್ಥಿತಿಗೂ ಸಾವಿಗೂ ನಡುವಿನ ಅಂತರ ಇಷ್ಟು ಕಿರಿದಾಗಿರುವುದರಿಂದಲೇ ಏಪ್ರಿಲ್–ಮೇ ತಿಂಗಳ ಒಂದೇ ಮಧ್ಯಾಹ್ನ ಹಿತ್ತಲಿನ ಅರ್ಧ ಹಿಂಡನ್ನು ಕಳೆದುಕೊಳ್ಳುವ ಪ್ರಸಂಗಗಳು ಉಂಟಾಗುತ್ತವೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಇದು ಶೇ. 45ಕ್ಕೂ ಹೆಚ್ಚು. ಆದರೆ ಶಾಖದ ಒತ್ತಡದ ಬಗೆಗಿನ ಅಧ್ಯಯನಗಳಲ್ಲಿ ಬಹುಪಾಲು ಬ್ರಾಯ್ಲರ್ ಮತ್ತು ಲೇಯರ್ ಶೆಡ್ಡುಗಳನ್ನು ಕುರಿತವು. ಅಲ್ಲಿ ಹುಟ್ಟಿದ ಸಲಹೆಗಳು ಹಿತ್ತಲಿಗೆ, ಅದರಲ್ಲೂ ಕರ್ನಾಟಕದಂತೆ ಎರಡು ಭಿನ್ನ ಬಗೆಯ ಬೇಸಿಗೆಗಳಿರುವ ರಾಜ್ಯದ ಹಿತ್ತಲುಗಳಿಗೆ, ಹಾಗೆಯೇ ಹೊಂದುವುದಿಲ್ಲ. ಕಲಬುರಗಿಯಲ್ಲಿ ಕೋಳಿಯನ್ನು ಉಳಿಸುವ ಕ್ರಮ ಮಂಗಳೂರಿನಲ್ಲಿ ಅದಕ್ಕೆ ಕುತ್ತು ತರಬಹುದು.

ಶಾಖ ಹೊರಹೋಗುವ ದಾರಿಗಳು

ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಹಳದಿ ಚರ್ಮದ ಜೀನು ಮಾತ್ರ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರ ಒಂದು ತಳಿವಿಜ್ಞಾನ ಅಧ್ಯಯನ ತೋರಿಸಿತು. ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಇಂದಿಗೂ ಕೂಗುವ ಕೋಳಿ ಅದೇ. ಎರಡೂ ಮೆಳೆಯ ನೆರಳಲ್ಲಿ ಕೆದಕಿ ತಿನ್ನುವ ಹಕ್ಕಿಗಳು. ಬಯಲಿನ ಬಿಸಿಲು ಇವುಗಳ ಮೈಕಟ್ಟಿಗೆ ಒಗ್ಗಿದ್ದಲ್ಲ.

ಗಾಳಿ ಮೈಗಿಂತ ತಂಪಾಗಿರುವಷ್ಟು ಹೊತ್ತು ಕೋಳಿ ಶಾಖವನ್ನು ನೇರವಾಗಿ ಗಾಳಿಗೆ ಬಿಟ್ಟುಕೊಡುತ್ತದೆ. ತಲೆಯ ಮೇಲಿನ ಕೆಂಪು ಜುಟ್ಟು, ಗದ್ದದ ಕೆಳಗಿನ ಜೋಲು, ಗರಿಯಿಲ್ಲದ ಕಾಲು ಇದಕ್ಕೆ ಒದಗುವ ಅಂಗಗಳು. ರಕ್ತ ಅಲ್ಲಿಗೆ ಹೆಚ್ಚು ಹರಿಯುತ್ತದೆ, ರೆಕ್ಕೆಗಳು ಮೈಯಿಂದ ದೂರ ಸರಿಯುತ್ತವೆ, ಹಕ್ಕಿ ತಂಪು ಮಣ್ಣನ್ನು ಕೆದಕಿ ಅದರಲ್ಲಿ ಹೊಟ್ಟೆಯೂರಿ ಮಲಗುತ್ತದೆ. ಗಾಳಿಯ ಉಷ್ಣತೆ 30 ಡಿಗ್ರಿಯ ಆಸುಪಾಸಿಗೆ ಬಂದಾಗ ಇದು ಸಾಲದಾಗಿ ತೇಕು ಶುರುವಾಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತರೊಳಗೆ ಇರುವ ಉಸಿರಾಟ ಆಗ 150 ಮೀರಬಹುದು. ಗಂಟಲು ಮತ್ತು ಶ್ವಾಸನಾಳದ ಒದ್ದೆ ಪೊರೆಯಿಂದ ನೀರು ಆವಿಯಾಗಿ, ಪ್ರತಿ ಗ್ರಾಂ ನೀರು ಸುಮಾರು 2.4 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ಒಂದೂವರೆ ಕಿಲೋ ತೂಕದ ನಾಟಿ ಹೇಂಟೆ ಸುಮ್ಮನೆ ಕೂತಾಗ ಹುಟ್ಟಿಸುವ ಶಾಖವನ್ನೆಲ್ಲ ಆವಿಯ ಮೂಲಕವೇ ಕಳೆಯಬೇಕಾದರೆ, ಅಂದಾಜಿನಲ್ಲಿ ಗಂಟೆಗೆ 10 ಗ್ರಾಂನಷ್ಟು ನೀರು ಬೇಕು. ಅದು ಓಡಾಡಿದರೆ, ತಿಂದರೆ ಇನ್ನೂ ಹೆಚ್ಚು.

ತೇಕಿಗೆ ಬೆಲೆಯೂ ಉಂಟು. ವೇಗದ ಉಸಿರಿನೊಂದಿಗೆ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಬೈಕಾರ್ಬೊನೇಟ್ ಕುಸಿಯುತ್ತದೆ. ಮೊಟ್ಟೆಯ ಚಿಪ್ಪಿನಲ್ಲಿ ಶೇ. 94ರಷ್ಟು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಕಾರ್ಬೊನೇಟ್ ಭಾಗ ಸಿಗಬೇಕಾದ್ದು ಈ ರಕ್ತದಿಂದಲೇ. ಬೇಸಿಗೆಯಲ್ಲಿ ಚಿಪ್ಪು ತೆಳುವಾದೊಡನೆ ಸುಣ್ಣದಂಶ ಹೆಚ್ಚಿಸುವ ರೂಢಿ ತಪ್ಪಲ್ಲದಿದ್ದರೂ ಅರ್ಧ ಪರಿಹಾರವಷ್ಟೇ: ತೇಕು ನಿಲ್ಲದೆ ಚಿಪ್ಪು ಗಟ್ಟಿಯಾಗದು.

ಎರಡು ಬೇಸಿಗೆ

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ದಾಟುವುದು ವಾಡಿಕೆ, ಗಾಳಿ ಒಣಗಿರುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲಿ ಉಷ್ಣತೆ 33–36ರ ಆಚೆ ಹೋಗುವುದು ಅಪರೂಪ, ಆದರೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಈ ಭೇದವನ್ನು ಅಳೆಯಲು ಆರ್ದ್ರ ಬಲ್ಬ್ ಉಷ್ಣತೆ ಸೂಕ್ತ ಮಾನ. ನೀರು ಆವಿಯಾಗುವುದರಿಂದ ಗಾಳಿ ಎಷ್ಟರವರೆಗೆ ತಂಪಾಗಬಲ್ಲದು ಎಂಬುದನ್ನು ಅದು ಹೇಳುತ್ತದೆ. 42 ಡಿಗ್ರಿ ಉಷ್ಣತೆ, ಶೇ. 20 ಆರ್ದ್ರತೆ ಇರುವ ಒಣನಾಡಿನ ಮಧ್ಯಾಹ್ನದಲ್ಲಿ ಆ ಅಂಕಿ ಸುಮಾರು 24. 34 ಡಿಗ್ರಿ ಉಷ್ಣತೆ, ಶೇ. 65 ಆರ್ದ್ರತೆಯ ಕರಾವಳಿ ಮಧ್ಯಾಹ್ನದಲ್ಲಿ 28ಕ್ಕೂ ಮೇಲು.

ಇದರ ಅರ್ಥ ಕರಾವಳಿ ಹೆಚ್ಚು ಅಪಾಯಕರ ಎಂದಲ್ಲ. ಎರಡು ಕಡೆ ಮುಚ್ಚಿಕೊಳ್ಳುವ ದಾರಿಗಳು ಬೇರೆ ಬೇರೆ. ಒಣನಾಡಿನಲ್ಲಿ ಗಾಳಿ ಕೋಳಿಯ ಮೈಯಷ್ಟೇ ಬಿಸಿಯಾಗಿರುವುದರಿಂದ ನೇರವಾಗಿ ಶಾಖ ಬಿಡುವ ದಾರಿ ಮುಚ್ಚಿರುತ್ತದೆ. ಆವಿಯ ದಾರಿ ಅಗಲವಾಗಿ ತೆರೆದಿರುತ್ತದೆ. ಅಲ್ಲಿ ಫ್ಯಾನು ಹಾಕಿ 43 ಡಿಗ್ರಿಯ ಗಾಳಿಯನ್ನು ಒಣಮೈಯ ಕೋಳಿಯ ಮೇಲೆ ಬೀಸಿದರೆ ಶಾಖ ಗಾಳಿಯಿಂದ ಮೈಗೆ ಸೇರುತ್ತದೆ. ಗೂಡಿಗೆ ಗಾಳಿ ಬರುವ ಕಡೆ ಗೋಣಿತಟ್ಟು ಇಳಿಬಿಟ್ಟು ನೀರು ಚಿಮುಕಿಸುತ್ತಿದ್ದರೆ ಒಳಬರುವ ಗಾಳಿಯೇ ಹಲವು ಡಿಗ್ರಿ ಇಳಿಯುತ್ತದೆ. ಕರಾವಳಿಯಲ್ಲಿ ಅದೇ ಒದ್ದೆ ಗೋಣಿ ಗಾಳಿಯ ತೇವವನ್ನು ಇನ್ನಷ್ಟು ಏರಿಸಿ, ತೇಕುವ ಕೋಳಿಯ ಬಾಯಿಂದ ನೀರು ಆವಿಯಾಗುವುದನ್ನು ತಡೆಯುತ್ತದೆ. ಗೂಡಿನ ಗಾಳಿಯನ್ನೂ ಅಡ್ಡಗಟ್ಟುತ್ತದೆ. ಅಲ್ಲಿ ಮೈಗೂ ಗಾಳಿಗೂ ಇನ್ನೂ ಏಳೆಂಟು ಡಿಗ್ರಿಗಳ ಅಂತರ ಉಳಿದಿರುವುದರಿಂದ ಬೇಕಾದದ್ದು ಬೀಸುಗಾಳಿ. ಫ್ಯಾನು ಸಾರ್ಥಕವಾಗುವುದು, ತಡಿಕೆ ತೆಗೆದು ನಾಲ್ಕೂ ಕಡೆ ಜಾಲರಿ ಹಾಕುವುದು ಫಲ ಕೊಡುವುದು ಇಲ್ಲಿಯೇ. ಬೆಂಗಳೂರು, ತುಮಕೂರು, ಮೈಸೂರಿನ ಬೇಸಿಗೆ ಇವೆರಡರ ನಡುವಿನದು. ಅಲ್ಲಿ ಮಾರ್ಚ್–ಏಪ್ರಿಲ್‌ನ ಒಣ ದಿನಗಳಲ್ಲಿ ನೀರು ಚಿಮುಕಿಸುವುದು ಸರಿ, ಮಳೆ ಬಂದು ಮೋಡ ಮುಚ್ಚಿದ ಮೇ ತಿಂಗಳ ಸಂಜೆ ಸರಿಯಲ್ಲ.

ಉಷ್ಣತೆಯ ಅಂಕಿಗಿಂತ ಅದು ಏರುವ ವೇಗ ಹೆಚ್ಚು ಕೊಲ್ಲುತ್ತದೆ ಎಂಬುದನ್ನೂ ಗಮನಿಸಬೇಕು. ನಾಲ್ಕೈದು ದಿನ ಕ್ರಮವಾಗಿ ಬಿಸಿಯೇರಿದರೆ ಕೋಳಿ ಕಡಿಮೆ ತಿಂದು, ಹೆಚ್ಚು ಕುಡಿದು, ಮೈಯ ಶಾಖೋತ್ಪತ್ತಿಯನ್ನು ತಗ್ಗಿಸಿಕೊಂಡು ಒಗ್ಗುತ್ತದೆ. ಮಾರ್ಚ್ ಕೊನೆಯಲ್ಲಿ ಹಠಾತ್ತನೆ ಬರುವ ಬಿಸಿಗಾಳಿ ಮೇ ತಿಂಗಳ ಅದೇ ಉಷ್ಣತೆಗಿಂತ ಹೆಚ್ಚು ಬಲಿ ತೆಗೆದುಕೊಳ್ಳುವುದು ಇದರಿಂದ. ಮರಿಗಳನ್ನು ಮೊದಲ ವಾರದಲ್ಲೇ ಒಂದು ದಿನ ಹೆಚ್ಚಿನ ಶಾಖಕ್ಕೆ ಒಡ್ಡಿದರೆ ಮುಂದೆ ತಾಳಿಕೆ ಹೆಚ್ಚುವುದೆಂದು 1990ರ ದಶಕದಲ್ಲಿ ಇಸ್ರೇಲಿನ ಸಂಶೋಧಕರು ಬ್ರಾಯ್ಲರ್ ಕೋಳಿಗಳಲ್ಲಿ ತೋರಿಸಿದ್ದಾರೆ. ಉಷ್ಣತೆಯನ್ನು ನಿಖರವಾಗಿ ಹಿಡಿದಿಡುವ ಸಾಧನವಿಲ್ಲದ ಹಿತ್ತಲಲ್ಲಿ ಅದನ್ನು ಅನುಕರಿಸುವುದು ಸಲ್ಲದು.

ಗೂಡು, ಸೂರು, ನೆರಳು

ನೆತ್ತಿಯ ಬಿಸಿಲಿನಲ್ಲಿ ತಗಡಿನ ಸೂರು 60 ಡಿಗ್ರಿ ದಾಟಬಹುದು. ಮೂರ್ನಾಲ್ಕು ಅಡಿ ಎತ್ತರದ ಗೂಡಿನಲ್ಲಿ ಆ ಶಾಖ ನೇರ ಕೋಳಿಯ ಬೆನ್ನಿಗೆ ಇಳಿಯುತ್ತದೆ. ದೊಡ್ಡ ಶೆಡ್ಡಿನ ಎತ್ತರದ ಅನುಕೂಲ ಹಿತ್ತಲಿಗಿಲ್ಲದ ಕಾರಣ ಇಲ್ಲಿ ಸೂರಿನ ಪ್ರಶ್ನೆ ಗಾಳಿಯ ಪ್ರಶ್ನೆಗಿಂತ ಮೊದಲಿನದು. ತಗಡಿನ ಮೇಲ್ಮೈಗೆ ದಪ್ಪ ಸುಣ್ಣ ಬಳಿದರೆ ಬಿಸಿಲು ಹಿಮ್ಮರಳುತ್ತದೆ. ಅದಕ್ಕಿಂತ ಒಳ್ಳೆಯದು ತಗಡಿನ ಮೇಲೆ ಒಣನಾಡಿನಲ್ಲಿ ಜೋಳದ ಕಣಿಕೆ, ಮಲೆನಾಡಿನಲ್ಲಿ ಅಡಕೆ ಸೋಗೆ, ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು ಹೊದಿಸುವುದು. ಒಣಹೊದಿಕೆ ಬೇಸಿಗೆಯಲ್ಲಿ ಬೆಂಕಿಗೆ ಬೇಗ ತುತ್ತಾಗುವುದರಿಂದ ಅಡುಗೆ ಒಲೆಯ ಬೂದಿ ಸುರಿಯುವ ಜಾಗದಿಂದ ಗೂಡು ದೂರವಿರಬೇಕು. ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿದ್ದರೆ ಇಳಿಬಿಸಿಲು ಅಗಲ ಕಡಿಮೆಯಿರುವ ಗೋಡೆಗಷ್ಟೇ ಬೀಳುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆ ಬೇಸಿಗೆಯಲ್ಲಿ ಎರಡು ಅಂಗುಲ ಸಾಕು. ದಪ್ಪ ಹಾಸು ಕೊಳೆತು ತಾನೇ ಶಾಖ ಹುಟ್ಟಿಸುತ್ತದೆ.

ಹಗಲಲ್ಲಿ ಗೂಡಿಗಿಂತ ಮರ ಮೇಲು. ಎಲೆಗಳಿಂದ ಆವಿಯಾಗುವ ನೀರು ಮರದಡಿಯ ಗಾಳಿಯನ್ನು ತಂಪಾಗಿಸುತ್ತದೆ, ಬೇರಿನ ಸುತ್ತ ಮಣ್ಣು ಸಡಿಲಾಗಿದ್ದರೆ ಹೊರಳಲು ಅನುಕೂಲ. ಹೊಂಗೆ ಮತ್ತು ಬೇವು ಸರಿಯಾಗಿ ಬೇಸಿಗೆಗೆ ಚಿಗುರುತ್ತವೆ. ಕಟ್ಟಿಹಾಕಿದ ಹಕ್ಕಿಯ ಸ್ಥಿತಿ ಮಾತ್ರ ಬೇರೆ. ತುಳುನಾಡಿನಲ್ಲಿ ಅಂಕದ (ಕೋಳಿಕಾಳಗದ) ಹುಂಜವನ್ನು ಕಾಲಿಗೆ ದಾರ ಬಿಗಿದು ಗೂಟಕ್ಕೆ ಕಟ್ಟುವ ವಾಡಿಕೆಯಿದೆ. ಬೆಳಗಿನ ನೆರಳು ಮಧ್ಯಾಹ್ನಕ್ಕೆ ಸರಿದಾಗ ಹುಂಜ ಅದರ ಹಿಂದೆ ಹೋಗಲಾರದು. ಮಂಕರಿ ಕವುಚಿಟ್ಟ ಮರಿಗಳಿಗೂ ಇದೇ ಗತಿ.

ನೀರು ಮತ್ತು ಮೇವು

ಹದವಾದ ಹವೆಯಲ್ಲಿ ಕೋಳಿ ತಿನ್ನುವ ಆಹಾರದ ತೂಕದ ಸುಮಾರು ಎರಡು ಪಟ್ಟು ನೀರು ಕುಡಿಯುತ್ತದೆ. ಕಡುಬೇಸಿಗೆಯಲ್ಲಿ ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನೀರು ಬಿಸಿಯಾದಷ್ಟೂ ಕುಡಿಯುವುದು ಕಡಿಮೆಯಾಗುತ್ತದೆ. ಬಿಸಿಲಿಗಿಟ್ಟ ಪ್ಲಾಸ್ಟಿಕ್ ತಟ್ಟೆ ತುಂಬಿದ್ದೂ ಕೋಳಿ ಬಾಯಾರಿ ಸಾಯುವುದುಂಟು. ಒಣನಾಡಿನಲ್ಲಿ ಮಣ್ಣಿನ ಗಡಿಗೆಗೆ ಸಮನಾದ ಪಾತ್ರೆಯಿಲ್ಲ: ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗಿ ಒಳಗಿನದನ್ನು ತಂಪಾಗಿಡುತ್ತದೆ. ಕರಾವಳಿಯ ತೇವದಲ್ಲಿ ಈ ಗುಣ ಮಂಕಾಗುವುದರಿಂದ ಅಲ್ಲಿ ನೀರನ್ನು ದಿನಕ್ಕೆ ಮೂರ್ನಾಲ್ಕು ಬಾರಿ ಬದಲಿಸುವುದೇ ದಾರಿ. ಪಾತ್ರೆ ಒಂದೇ ಇದ್ದರೆ ಬಲಿಷ್ಠ ಹುಂಜ ಉಳಿದವನ್ನು ಹತ್ತಿರ ಬಿಡದು. ಎರಡು ಮೂರು ಕಡೆ, ನೆರಳಲ್ಲಿ, ಪಾತ್ರೆ ಇಡಬೇಕು.

ಆಹಾರ ಜೀರ್ಣವಾಗುವಾಗ ಹುಟ್ಟುವ ಶಾಖ ತಿಂದ ನಾಲ್ಕರಿಂದ ಆರು ಗಂಟೆಗಳಲ್ಲಿ ಶಿಖರ ಮುಟ್ಟುತ್ತದೆ. ಬೆಳಗ್ಗೆ ಹತ್ತಕ್ಕೆ ಚೆಲ್ಲಿದ ಕಾಳು ಮಧ್ಯಾಹ್ನ ಮೂರರ ಬಿಸಿಲಿನ ಜತೆ ಸೇರಿಕೊಳ್ಳುತ್ತದೆ. ಜೋಳ, ಸಜ್ಜೆ, ನುಚ್ಚು ಏನೇ ಇರಲಿ, ಬೆಳಕು ಹರಿಯುವ ಹೊತ್ತಿಗೆ ಒಮ್ಮೆ, ಸಂಜೆ ಐದರ ನಂತರ ಒಮ್ಮೆ ಹಾಕಿದರೆ ಈ ಕೂಡಿಕೆ ತಪ್ಪುತ್ತದೆ. ನಡುಹಗಲಿಗೆ ನುಗ್ಗೆಸೊಪ್ಪು, ಕಲ್ಲಂಗಡಿ ಸಿಪ್ಪೆಯಂಥ ನೀರಿನಂಶದ ಹಸಿರು ಸಾಕು. ಚಿಪ್ಪು ಮುಖ್ಯವಾಗಿ ರಾತ್ರಿ ಕಟ್ಟುವುದರಿಂದ ಚಿಪ್ಪಿನ ಪುಡಿಯನ್ನು ಸಂಜೆಯ ಮೇವಿನೊಂದಿಗೆ ಕೊಡುವುದು ಉಚಿತ. ಕಿಲೋ ಆಹಾರಕ್ಕೆ 5 ಗ್ರಾಂ ಮೀರದಂತೆ ಅಡುಗೆ ಸೋಡಾ ಬೆರೆಸಿದರೆ ತೇಕಿನಿಂದ ಕುಸಿದ ಬೈಕಾರ್ಬೊನೇಟಿಗೆ ಆಸರೆಯಾಗುತ್ತದೆ. ಕೋಳಿ ತನಗೆ ಬೇಕಾದ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದಾದರೂ ಶಾಖದ ಒತ್ತಡದಲ್ಲಿ ಅದು ಸಾಲದಾಗುತ್ತದೆ. ಕುಡಿಯುವ ನೀರಿಗೆ ನಿಂಬೆರಸ ಹಿಂಡುವ ಹಳ್ಳಿಯ ರೂಢಿಗೆ ಇಷ್ಟರ ಮಟ್ಟಿಗೆ ಆಧಾರವಿದೆ. ಉಪ್ಪನ್ನು ಕೈಯಳತೆಯಲ್ಲಿ ಹಾಕುವುದು ಅಪಾಯ. ಕೋಳಿಗೆ, ಮರಿಗಳಿಗಂತೂ, ಉಪ್ಪು ಬೇಗ ವಿಷವಾಗುತ್ತದೆ.

ತಳಿ

ಹಗುರ ಮೈ, ಉದ್ದ ಕಾಲು, ವಿರಳ ಗರಿ ಇವು ಬಿಸಿಲಿಗೆ ಹೇಳಿದ ಲಕ್ಷಣಗಳು. ಕತ್ತು ಬೋಳಾಗಿರುವ ಕೋಳಿಯನ್ನು ಕುರೂಪವೆಂದು ಮೊದಲು ಕೊಯ್ಯುವವರುಂಟು. ತಳಿವಿಜ್ಞಾನದ ದೃಷ್ಟಿಯಲ್ಲಿ ಹಿಂಡಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಅದನ್ನೇ. ಆ ಲಕ್ಷಣದ ಜೀನಿನ ಒಂದು ಪ್ರತಿ ಇದ್ದರೆ ಗರಿಯ ಹೊದಿಕೆ ಸುಮಾರು ಶೇ. 20ರಷ್ಟು, ಎರಡು ಪ್ರತಿ ಇದ್ದರೆ ಶೇ. 40ರಷ್ಟು ಕಡಿಮೆಯಾಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮಾಂಸಕ್ಕೆ ಮೆಚ್ಚಿನ ತಳಿಯಾದರೂ ಭಾರದ ಮೈಯಿಂದಾಗಿ ಕಡುಬೇಸಿಗೆಯಲ್ಲಿ ನಾಟಿ ಕೋಳಿಗಿಂತ ಮೊದಲು ತೇಕುತ್ತದೆ. ಹಗುರವಾದ ಸ್ವರ್ಣಧಾರ ಒಣನಾಡಿಗೆ ಹೆಚ್ಚು ಒಗ್ಗುತ್ತದೆ.

ಕಾವು

ಮೊಟ್ಟೆ ಸುಮಾರು 27 ಡಿಗ್ರಿಗಿಂತ ಬಿಸಿಯಾದ ಜಾಗದಲ್ಲಿದ್ದರೆ ಭ್ರೂಣ ಅರೆಬರೆ ಬೆಳೆಯತೊಡಗಿ ಕಾವಿಗೆ ಮೊದಲೇ ಸಾಯುತ್ತದೆ. ಬೇಸಿಗೆಯಲ್ಲಿ ಮರಿಯಾಗದ ಮೊಟ್ಟೆಗಳೆಲ್ಲ ಹುಂಜದ ದೋಷವಲ್ಲ. ಒದ್ದೆ ಮರಳಿನ ಮಡಕೆಯ ಮೇಲೆ ಬಟ್ಟೆ ಹಾಸಿ ಮೊಟ್ಟೆಯಿಟ್ಟು, ಐದಾರು ದಿನಗಳೊಳಗೆ ಕಾವಿಗೆ ಕೂರಿಸಿದರೆ ನಷ್ಟ ಕಡಿಮೆ. ಕಾವು ಕೂತ ಹೇಂಟೆ ಬುಟ್ಟಿ ಬಿಟ್ಟೇಳಲು ಹಿಂಜರಿಯುವುದರಿಂದ ನೀರು ಅದರ ಕೊಕ್ಕಿಗೆ ಎಟುಕುವಂತಿರಬೇಕು.

ರೋಗ, ರಾತ್ರಿ, ತುರ್ತು

ಬೇಸಿಗೆಯ ಸಾವುಗಳನ್ನೆಲ್ಲ ಬಿಸಿಲಿನ ಲೆಕ್ಕಕ್ಕೆ ಹಾಕುವಂತಿಲ್ಲ. ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ಕಾಯಿಲೆಯೂ ಇದೇ ತಿಂಗಳುಗಳಲ್ಲಿ ಹಬ್ಬುತ್ತದೆ, ಅದರಲ್ಲೂ ಹಕ್ಕಿ ಬಾಯ್ತೆರೆದು ಉಸಿರಾಡುತ್ತದೆ. ಹಸಿರು ಹಿಕ್ಕೆ, ತಿರುಚಿದ ಕತ್ತು, ಕಾಲು–ರೆಕ್ಕೆಯ ಲಕ್ವ, ಮುಂಜಾನೆಯ ತಂಪಿನಲ್ಲೂ ಸಾಯುವುದು ರೋಗದ ಸೂಚನೆ. ಮಧ್ಯಾಹ್ನ ಮೂರು–ಐದು ಗಂಟೆಯ ನಡುವೆ ಮೊದಲು ದಪ್ಪ ಹೇಂಟೆಗಳು ಬಿದ್ದರೆ ಶಾಖದ್ದು. ಲಸಿಕೆಯನ್ನು ಬಿಸಿಲೇರುವ ಮುನ್ನ ಮುಗಿಸಬೇಕು, ಅಲ್ಲಿಯವರೆಗೆ 2ರಿಂದ 8 ಡಿಗ್ರಿಯಲ್ಲಿ ಇಟ್ಟಿರಬೇಕು.

ರಾತ್ರಿಯ ತಂಪು ಹಗಲಿನ ಶಾಖವನ್ನು ಕಳೆಯುವ ಹೊತ್ತು. ಕಾಡುಬೆಕ್ಕು, ನರಿಗೆ ಹೆದರಿ ಬಿಗಿಯಾಗಿ ಮುಚ್ಚಿದ ಹಳೆಯ ಮಾದರಿಯ ಗೂಡು ಇದಕ್ಕೆ ಅಡ್ಡಿ. ಬಾಗಿಲು ತೆರೆದಿಟ್ಟರೆ ಹಕ್ಕಿಯೇ ಇರದು. ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿ ಜಾಲರಿ ಗಾಳಿಯನ್ನು ಬಿಟ್ಟು ಬೆಕ್ಕು, ಮುಂಗುಸಿ, ಹಾವುಗಳನ್ನು ತಡೆಯುತ್ತದೆ. ತೆಳು ಕೋಳಿಬಲೆಯನ್ನು ನಾಯಿ ಹರಿದುಬಿಡುತ್ತದೆ, ಅದರ ದೊಡ್ಡ ಕಣ್ಣುಗಳಲ್ಲಿ ಹಾವು ನುಸುಳುತ್ತದೆ. ಒದ್ದೆ ಮಾಡಿದ ತಂಪು ಮೂಲೆಗೆ ಹಾವು ಬರುವುದು ಒಣನಾಡಿನಲ್ಲಿ ಸಾಮಾನ್ಯವಾದ್ದರಿಂದ ಬೆಳಗ್ಗೆ ಮೊಟ್ಟೆಗೂಡಿಗೆ ಕೈಹಾಕುವ ಮುನ್ನ ನೋಡುವುದು ಲೇಸು.

ಕುಸಿದು ಬಿದ್ದ ಕೋಳಿಯನ್ನು ನೆರಳಿಗೆ ಒಯ್ದು ಕಾಲು, ಜುಟ್ಟು, ರೆಕ್ಕೆಯ ಅಡಿಯನ್ನು ತಣ್ಣೀರಿನಲ್ಲಿ ಒದ್ದೆಮಾಡಬೇಕು. ತೀರ ಸೋತಿದ್ದರೆ ತಲೆ ಮೇಲಿರಿಸಿ ಕತ್ತಿನವರೆಗೆ ತಣ್ಣೀರಲ್ಲಿ ಅದ್ದಿ ತೆಗೆಯಬೇಕು. ಮಂಜುಗಡ್ಡೆಯ ನೀರು ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಶಾಖವನ್ನು ಒಳಗೇ ಹಿಡಿದಿಡುವುದರಿಂದ ಬೇಡ. ಒದ್ದೆ ಮೈಗೆ ಬೀಸಣಿಗೆಯಿಂದ ಗಾಳಿ ಹಾಕುವುದು ಎರಡೂ ನಾಡುಗಳಲ್ಲಿ ಫಲಕಾರಿ. ಬಾಯಿಗೆ ನೀರು ಸುರಿದರೆ ತೇಕುವ ಹಕ್ಕಿಯ ಶ್ವಾಸನಾಳಕ್ಕೆ ಹೋಗುತ್ತದೆ. ಕೊಕ್ಕನ್ನು ನೀರಿಗೆ ಮುಟ್ಟಿಸಿದರೆ ಪ್ರಜ್ಞೆಯಿರುವ ಕೋಳಿ ತಾನೇ ಕುಡಿಯುತ್ತದೆ. ಬದುಕುಳಿದ ಹೇಂಟೆ ಕೆಲವು ದಿನ ಮೊಟ್ಟೆ ನಿಲ್ಲಿಸಬಹುದು. ಮತ್ತೆ ತೊಡಗಿದಾಗ ಮೊದಲ ಮೊಟ್ಟೆಗಳ ಚಿಪ್ಪು ತೆಳುವಾಗಿರುವುದೂ ಉಂಟು.